ಮೂರು ಬಡಿತ, ಒಂದು ಮರೆವು

ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ರೊಟ್ಟಿಗಳು.

ಟಾರು ರಸ್ತೆಯ ಮೇಲೆ ಹದಿನೇಳೋ ಹದಿನೆಂಟೋ ಜೋಳದ ಖಡಕ್ ರೊಟ್ಟಿಗಳು ಚೆದುರಿ ಬಿದ್ದಿವೆ. ಕೆಲವು ಇಡಿಯಾಗಿವೆ, ಕೆಲವು ಹಂಚಿನ ಚೂರುಗಳಂತೆ ಒಡೆದಿವೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿರಬೇಕು. ಇರಲೋ ಹೋಗಲೋ ಎಂದು ಬೆಳಕು ಇನ್ನೂ ತೀರ್ಮಾನಿಸಿದಂತಿಲ್ಲ. ಆ ಅನುಮಾನದ ಬೆಳಕಿನಲ್ಲಿ ರೊಟ್ಟಿಗಳಷ್ಟೇ ಬೆಳ್ಳಗಿವೆ. ಒಂದು ಮಾತ್ರ ರಸ್ತೆಯಂಚಿನ ಕಲ್ಲಿಗೆ ಒರಗಿ ನೆಟ್ಟಗೆ ನಿಂತಿದೆ. ಇನ್ನೇನು ಉರುಳಬೇಕು, ಚಿತ್ರವಾದ್ದರಿಂದ ಉರುಳುವುದಿಲ್ಲ. ಪಕ್ಕದಲ್ಲಿ ಬಿದಿರಿನ ಬುಟ್ಟಿ ಬೋರಲಾಗಿದೆ. ಅದರ ಬಾಯಿಂದ ಕೆಂಪಂಚಿನ ಬಿಳಿಯ ಅರಿವೆ ಅರ್ಧ ಹೊರಗೆ ಚಾಚಿದೆ. ಅಲ್ಲಿಂದ ಎರಡು ಮಾರು ಆಚೆ ಒಂಟಿ ಚಪ್ಪಲಿ; ಕಿತ್ತುಹೋದ ಪಟ್ಟಿಗೆ ಪಿನ್ನು ಚುಚ್ಚಿ ಸರಿಮಾಡಿಕೊಂಡದ್ದು. ಎಡ ಅಂಚಿನಲ್ಲಿ ಒಂದು ಕೈ, ಮಣಿಕಟ್ಟಿನವರೆಗೆ ಮಾತ್ರ. ಮೂರು ಹಸಿರು ಬಳೆಗಳು ಒಡೆಯದೆ ಉಳಿದಿವೆ. ಈಗಷ್ಟೇ ಯಾರಿಗೋ ಏನನ್ನೋ ಕೊಟ್ಟು ಮುಗಿಸಿದಂತೆ ಅಂಗೈ ಆಕಾಶಕ್ಕೆ ತೆರೆದಿದೆ.

ಬಲಭಾಗದ ಮೇಲಿನ ಮೂಲೆಯಲ್ಲಿ ಎರಡು ಕೆಂಪು ದೀಪಗಳು, ತೊಗರಿಕಾಳಿನ ಗಾತ್ರ. ದೂರ ಸಾಗುತ್ತಿರುವ ಕಾರಿನವು. ಕೈಗೂ ದೀಪಗಳಿಗೂ ನಡುವೆ ಬರಿದಾದ ರಸ್ತೆ.

ರಸ್ತೆಬದಿಯ ಕ್ಯಾಮರಾ ತೆಗೆದ ಈ ಚಿತ್ರ ನನ್ನ ಮೇಜಿಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ನಾನು, ನೀಲಕಂಠ ಮುಧೋಳ, ಧಾರವಾಡದ ಅರಿವು ಪರೀಕ್ಷಾ ಕೇಂದ್ರದ ಹಿರಿಯ ಓದುಗ. ಎಳವೆಯಲ್ಲಿ ಕವಿತೆಗಳನ್ನು ಓದುತ್ತಿದ್ದೆ. ಸಾಲುಗಳ ನಡುವಿನ ಬಿಳಿಯ ಜಾಗವನ್ನೂ ಓದಬೇಕೆಂದು ಕಲಿತದ್ದು ಅಲ್ಲಿಯೇ. ಅರವತ್ತೆಂಟರ ಈ ವಯಸ್ಸಿನಲ್ಲಿ ಮನುಷ್ಯರ ಮಿದುಳು ಬರೆದ ಗೆರೆಗಳನ್ನು ಓದುತ್ತೇನೆ.

ಚಿತ್ರದೊಂದಿಗೆ ಉದ್ದನೆಯ ಕಾಗದದ ಪಟ್ಟಿಯೊಂದನ್ನು ಸುರುಳಿ ಸುತ್ತಿ ತಂದವಳು ಶಬಾನಾ ನದಾಫ್, ನನ್ನ ಕೈಕೆಳಗೆ ಒಂಬತ್ತು ವರ್ಷ ದುಡಿದ ಓದುಗಾರ್ತಿ.

"ಸರ್, ಮೊದಲನೇ ಓದು ಓದಿದ ನಮ್ಮ ಜಮಖಂಡಿಯವ್ರು 'ಅರಿತಿರಲಿಲ್ಲ' ಅಂತ ಬರದಾರ. ನಾ 'ಅರಿತಿತ್ತು' ಅಂತ ಬರದೀನಿ. ಇನ್ನ ನಿಮ್ಮ ಪೆನ್ಸಿಲ್ಲಿಗೇ ಬಿಟ್ಟದ್ದು."

"ನೀವಿಬ್ರೂ ಬೇಕಂತ ಜಗಳಾ ಮಾಡ್ಕೊಂಡು ನನಗ ಕೆಲಸ ಹಚ್ತೀರಿ ನೋಡು."

"ಜಗಳಾ ಮಾಡಲಿಲ್ಲಂದ್ರ ನಿಮಗ ಪಗಾರ ಯಾಕ ಕೊಡ್ಬೇಕ್ರಿ ಸರ್?" ಎಂದು ನಕ್ಕಳು. ಚಿತ್ರದ ಮೇಲೆ ಕಣ್ಣು ಬಿದ್ದೊಡನೆ ಆ ನಗೆ ಆರಿತು. "ಆಂಬುಲೆನ್ಸಿಗೆ ಮೊದಲನೇ ಫೋನ್ ಹೋಗಿದ್ದು ನಲವತ್ತೆರಡು ನಿಮಿಷದ ಮ್ಯಾಲ ಅಂತ ಚಿತ್ರದ ಹಿಂದ ಬರದಾರ. ಯಾರೋ ಹಾಲಿನ ಗಾಡಿಯಾಂವ ಕಂಡು ಮಾಡಿದ್ದಂತ. ಚಿತ್ರಗುಪ್ತಗ ಮೊದಲನೇ ಸೆಕೆಂಡಿಗೇ ಗೊತ್ತಿತ್ತು."

ಚಿತ್ರಗುಪ್ತ ಎಂಬುದು ನಮ್ಮ ಯಂತ್ರಕ್ಕೆ ಜನ ಇಟ್ಟ ಹೆಸರು. ಆರು ವರ್ಷಗಳ ಹಿಂದೆ ಪ್ರತಿಯೊಂದು ವಾಹನಕ್ಕೂ ಕಡ್ಡಾಯವಾದ ಆ ಉಪಕರಣ, ಚಾಲಕನ ತಲೆ ಒರಗುವ ದಿಂಬಿನೊಳಗೆ ಅಡಗಿ ಕುಳಿತಿರುತ್ತದೆ. ಕೂದಲಿಗಿಂತ ತೆಳುವಾದ ತಂತಿಗಳ ಬಲೆ ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ಹಿಡಿಯುತ್ತದೆ. ಸ್ಟೇರಿಂಗ್ ಚಕ್ರ ಅಂಗೈಗಳಿಂದ ನಾಡಿಯನ್ನು ಕೇಳಿಸಿಕೊಳ್ಳುತ್ತದೆ. ಎಲ್ಲ ಸರಿಯಿರುವ ತನಕ ಬರೆದುದನ್ನು ತಾನೇ ಅಳಿಸುತ್ತ ಹೋಗುತ್ತದೆ. ವಾಹನ ಯಾವುದಕ್ಕಾದರೂ ಬಡಿದರೆ ಮಾತ್ರ ಆ ಹೊತ್ತಿನ ತೊಂಬತ್ತು ಸೆಕೆಂಡುಗಳ ಬರಹವನ್ನು ಉಳಿಸಿ, ಮುದ್ರೆಯೊತ್ತಿ, ನಮ್ಮಲ್ಲಿಗೆ ಕಳಿಸುತ್ತದೆ.

ಅದಕ್ಕೂ ಮೊದಲು ನ್ಯಾಯಾಲಯಗಳಲ್ಲಿ ಒಂದೇ ಮಾತು ಕೇಳಿಬರುತ್ತಿತ್ತು: "ಮತ್ತಿನಲ್ಲಿದ್ದೆ ಸ್ವಾಮಿ, ಮನುಷ್ಯನಿಗೆ ಬಡಿದದ್ದು ತಿಳಿಯಲೇ ಇಲ್ಲ." ರಸ್ತೆಯಲ್ಲಿ ಅಪರಾಧವಾಗಿದ್ದ ಮತ್ತು ಕಟಕಟೆಯಲ್ಲಿ ಗುರಾಣಿಯಾಗುತ್ತಿತ್ತು. ಹೆಂಡ, ಅಮಲಿನ ಗುಳಿಗೆ, ನಿದ್ದೆಗೇಡಿತನ, ಯಾವುದಾದರೂ ಸರಿ. ತಿಳಿಯದವನನ್ನು 'ಯಾಕೆ ಬಿಟ್ಟುಹೋದೆ' ಎಂದು ಹೇಗೆ ಕೇಳುವುದು?

ನನ್ನ ಇಡೀ ಬಾಳಿನ ದುಡಿಮೆ ಆ ಪ್ರಶ್ನೆಗೆ ಉತ್ತರ. ವಾಹನ ಗುಂಡಿಗೆ ಬಿದ್ದಾಗ ಮಿದುಳಿನ ಗೆರೆಯಲ್ಲಿ ಒಂದು ಉಬ್ಬು ಏಳುತ್ತದೆ. ಅದು ದೇಹದ ಬೆದರಿಕೆ. ಬಡಿದದ್ದು ಮನುಷ್ಯನಿಗಾದರೆ, ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಎರಡನೆಯ ಉಬ್ಬು ಏಳುತ್ತದೆ, ಅದು ಗುರುತು. ಮತ್ತಿನಲ್ಲಿರುವವನಲ್ಲಿ ಅದು ತಡವಾಗುತ್ತದೆ, ಕುಗ್ಗುತ್ತದೆ, ಕುಂಟುತ್ತ ಬರುತ್ತದೆ. ಆದರೆ ಬರುತ್ತದೆ. ಇನ್ನೂರ ಹನ್ನೆರಡು ಜನರ ಮೇಲೆ ಪ್ರಯೋಗ ಮಾಡಿ ನಾನದನ್ನು ತೋರಿಸಿಕೊಟ್ಟೆ. ಎಷ್ಟು ಎತ್ತರದ ಉಬ್ಬನ್ನು ಅರಿವೆನ್ನಬೇಕು ಎಂಬ ಗೆರೆಯನ್ನು ಎಳೆದವನೂ ನಾನೇ. ಉಬ್ಬು ಗೆರೆಯ ಕೆಳಗುಳಿದರೆ ಮತ್ತಿನ ಚಾಲನೆಗಷ್ಟೇ ದಂಡ, ಪರವಾನಗಿಯ ರದ್ದತಿ. ಗೆರೆ ದಾಟಿದರೆ ಹತ್ತು ವರ್ಷಗಳವರೆಗೆ ಸೆರೆಮನೆ.

ಜನ ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ. ಹುಬ್ಬಳ್ಳಿಯ ಆಟೋದವರು ದಿಂಬಿಗೇ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಲಾರಿಯವರು ಒದ್ದೆ ಟವೆಲ್ ಹೊದಿಸಿದರೆ ಗೆರೆ ಮೂಡುವುದಿಲ್ಲವೆಂದು ನಂಬಿದರು. ಸಂತೆಗಳಲ್ಲಿ ತಾಮ್ರದ ಎಳೆಯ ಟೊಪ್ಪಿಗೆಗಳು ಮಾರಾಟವಾದವು. ಇಂಥದೊಂದು ದಿಂಬನ್ನು ಮಂಚಕ್ಕೂ ಹಾಕಿಕೊಡಿರೆಂದು ಹೆಂಗಸೊಬ್ಬಳು ನಮ್ಮ ಕೇಂದ್ರಕ್ಕೆ ಪತ್ರ ಬರೆದಿದ್ದಳು. ನಗೆಯಾಟವೆಲ್ಲ ಮುಗಿದ ಮೇಲೆ ಲೆಕ್ಕ ನೋಡಿದರೆ, ಹೊಡೆದು ಬಿಟ್ಟುಹೋಗುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಉಳಿದರ್ಧ ಮಾತ್ರ ಕರಗಲಿಲ್ಲ.

ಯಂತ್ರ ತಾನಾಗಿ ಸಹಾಯಕ್ಕೆ ಕರೆಯಬಾರದು ಎಂಬುದು ನನ್ನದೇ ವಾದವಾಗಿತ್ತು. ಸಮಿತಿಯ ಮುಂದೆ ಎರಡು ತಾಸು ಮಾತಾಡಿ ಗೆದ್ದಿದ್ದೆ. ಅದನ್ನೇ ಈಗಲೂ ಹೇಳಿದೆ.

"ಯಂತ್ರಾನ ಕರದುಬಿಟ್ರ, ಮನಷ್ಯಾ ಕರೀತಿದ್ದನೋ ಇಲ್ಲೋ ಅಂತ ಹೆಂಗ ಗೊತ್ತಾಗತದ, ಶಬಾನಾ? ಅಂವಗ ಒಂದು ಅವಕಾಶ ಇರಬೇಕಲ್ಲ, ಒಳ್ಳೆಯವ ಆಗಾಕ."

"ಪರೀಕ್ಷಾ ಬರಿಯಾಂವ ಒಬ್ಬಾಂವ, ಫೇಲಾಗಿ ರಸ್ತೇದಾಗ ಬೀಳಾಕಿ ಇನ್ನೊಬ್ಬಾಕಿ," ಎಂದಳು ಶಬಾನಾ. ಆರು ವರ್ಷಗಳಲ್ಲಿ ನೂರು ಸಲವಾದರೂ ಹೇಳಿದ್ದ ಮಾತು. ನನ್ನ ಮೇಜಿನ ಅಂಚಿಗೆ ಕೆಂಪು ಪೆನ್ಸಿಲ್ಲನ್ನು ಇಟ್ಟು ಹೊರಟುಹೋದಳು.

ಓದುಗನಿಗೆ ಕಾಣುವುದು ಒಂದು ಚಿತ್ರ ಮತ್ತು ಒಂದು ಪಟ್ಟಿ ಮಾತ್ರ. ಊರು, ದಿನ, ವಾಹನದ ಸಂಖ್ಯೆ ಎಲ್ಲವನ್ನೂ ಅಳಿಸಿರುತ್ತಾರೆ. ಹಿನ್ನೆಲೆಯ ಮರ, ಮನೆ, ಫಲಕಗಳ ಮೇಲೆ ಬೂದು ಬಣ್ಣ ಬಳಿದಿರುತ್ತಾರೆ. ಚಾಲಕನ ಹೆಸರಿನ ಲಕೋಟೆ ನ್ಯಾಯಾಧೀಶರ ಕಪಾಟಿನಲ್ಲಿರುತ್ತದೆ, ನಮ್ಮ ಓದು ಮುಗಿಯುವವರೆಗೂ ಅದು ತೆರೆಯುವುದಿಲ್ಲ. 'ನಿಂತರೆ ಜನ ಹೊಡೆದು ಕೊಲ್ಲುತ್ತಾರೆ' ಎಂಬ ಭಯವೂ ಓಡಿಹೋಗಲು ಒಂದು ಕಾರಣವಾಗಿತ್ತಲ್ಲ, ಅದಕ್ಕೆ ಈ ಮುದ್ರೆ. ಓದಿಗೆ ಬಡಿದ ದಿನದಿಂದ ಇಪ್ಪತ್ತೊಂದು ದಿನಗಳ ಗಡುವು. ಈ ಪಟ್ಟಿಗೆ ಆ ಶುಕ್ರವಾರವೇ ಕೊನೆಯ ದಿನ.

ಪಟ್ಟಿಯನ್ನು ಹಾಸಿದೆ. ಮೊದಲ ಉಬ್ಬು ಸ್ಪಷ್ಟ. ಎರಡನೆಯದು ಸೆಕೆಂಡಿನ ಅರ್ಧಕ್ಕೂ ತುಸು ಆಚೆ ಎದ್ದಿತ್ತು. ಮತ್ತಿನ ಮಿದುಳೆಂಬುದರಲ್ಲಿ ಸಂಶಯವಿರಲಿಲ್ಲ. ಎತ್ತರವನ್ನು ಮೂರು ಸಲ ಅಳೆದೆ. ನಾನೆಳೆದ ಗೆರೆಯನ್ನು ಅದು ಒಂದು ಕೂದಲೆಳೆಯಷ್ಟು ದಾಟಿತ್ತು. ಎರಡು ಸೆಕೆಂಡುಗಳಾಚೆ ಗರಗಸದ ಹಲ್ಲಿನಂಥ ಸಣ್ಣ ಕಚ್ಚುಗಳು. ದವಡೆ ಆಡಿದಾಗ ಮೂಡುವಂಥವು. ಚಾಲಕ ಏನೋ ಮಾತಾಡಿದ್ದ. ತಿಳಿದ ಮೇಲೆ ಮಾತಾಡಿದ್ದಾನೆ, ಮಾತಾಡಿದ ಮೇಲೆ ಹೊರಟುಹೋಗಿದ್ದಾನೆ. ನನ್ನೊಳಗೆ ತಣ್ಣನೆಯದೊಂದು ಕೋಪ ಎದ್ದಿತು. ಅದರ ಜೊತೆಗೆ, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ, ಲೆಕ್ಕ ತಾಳೆಯಾದಾಗಿನ ಹಿತವೂ ಇತ್ತು. ಊಟ ಮಾಡಿ ಬಂದು ಬರೆದರಾಯಿತೆಂದು ಎದ್ದೆ.

ಮನೆ ಹತ್ತಿರವೇ, ನಡೆದೇ ಹೋಗುತ್ತೇನೆ. ಕಾರನ್ನು ಹೊರಗೆ ತೆಗೆಯದೆ ಮೂರು ವಾರಗಳಾಗಿದ್ದವು. ಎಲ್ಲಿಗೆ ಹೋಗುವುದಿದ್ದರೂ ನನ್ನ ಹೆಂಡತಿ ದಾನಮ್ಮ ಬಸ್ಸೇ ಚೆನ್ನ ಎನ್ನುತ್ತಿದ್ದಳು. ಕಾರಿನ ಎಡಗನ್ನಡಿ ಬಿರುಕು ಬಿಟ್ಟಿತ್ತು. ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಹೋದಾಗ ಕಲ್ಯಾಣಮಂಟಪದ ಅಂಗಳದಲ್ಲಿ ಯಾರೋ ತಾಗಿಸಿರಬೇಕೆಂದು ಬೈದುಕೊಂಡು ಸುಮ್ಮನಾಗಿದ್ದೆ.

ತಾಟಿನಲ್ಲಿ ಚಪಾತಿ ಕಂಡು ನಿಟ್ಟುಸಿರಿಟ್ಟೆ.

"ಇವತ್ತೂ ಚಪಾತಿನಾ?"

"ಮುಂಗೈ ನೋವು ಅಂತ ಎಷ್ಟ ಸಲ ಹೇಳ್ಬೇಕ್ರಿ? ರೊಟ್ಟಿ ಬಡಿಯಾಕ ಆಗೂದಿಲ್ಲ ನನಗ."

"ಹಂಗಾರ ಅಂಗಡಿಯಿಂದ ಖಡಕ್ ರೊಟ್ಟಿ ತರ್ತೀನಿ ತಗೋ. ಚಪಾತಿ ತಿಂದೂ ತಿಂದೂ ನಾ ಪುಣೇದಾಂವ ಆಗಿಬಿಡ್ತೀನಿ."

"ಬ್ಯಾಡ." ದಾನಮ್ಮ ಅದನ್ನು ಎಷ್ಟು ಬೇಗ ಹೇಳಿದಳೆಂದರೆ ನಾನು ತಲೆಯೆತ್ತಿ ನೋಡಿದೆ. ಅವಳು ಒಲೆಯತ್ತ ತಿರುಗಿದಳು. "ಮನಿಯಾಗ ಈಗ ರೊಟ್ಟಿ ಬ್ಯಾಡ್ರಿ. ಮುಧೋಳ ಮನೆತನದ ಮರ್ಯಾದಿ ಏನ್ ಚಪಾತಿಯಿಂದ ಹೋಗೂದಿಲ್ಲ."

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿದವಳು ದಾನಮ್ಮ. ಅವಳ ಮಾತಿಗೆ ಎದುರಾಡುವ ರೂಢಿ ನನಗಿಲ್ಲ. ಕಟ್ಟೆಯ ಮೇಲೆ ಮೂರು ಬಟ್ಟಲಿನ ಬುತ್ತಿ ಡಬ್ಬಿ ತುಂಬಿ ತಯಾರಾಗಿತ್ತು. ಮೂರು ವಾರಗಳಿಂದ ಅವಳು ದಿನವೂ ಮಠದ ವಚನದ ತರಗತಿಗೆ ಹೋಗುತ್ತಿದ್ದಳು. ಕಲಿತ ಮೇಲೆ ಎಲ್ಲರೂ ಕೂಡಿ ಉಣ್ಣುತ್ತೇವೆ ಎಂದಿದ್ದಳು.

ಕೆಲಸದ ಮಾತನ್ನು ಮನೆಗೆ ತರಬಾರದೆಂಬ ನಿಯಮವಿದೆ. ಅಂದು ಅದನ್ನು ಮುರಿದೆ. "ಇವತ್ತೊಂದು ಚಿತ್ರ ನೋಡಿದೆ ದಾನೂ. ರಸ್ತೆ ತುಂಬ ರೊಟ್ಟಿ ಬಿದ್ದಾವ. ಹೊಡದು ಹಂಗ ಬಿಟ್ಟು ಹೋಗ್ಯಾನ."

ಅವಳು ಒಲೆ ಆರಿಸಿದಳು. ಬೆನ್ನು ತಿರುಗಿಸಿಯೇ ಕೇಳಿದಳು: "ಅವರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಅಂವಾ ಇಲ್ಲಂತ ಆಣೆ ಮಾಡಬಹುದು. ಮಿದುಳಿಗೆ ಗೊತ್ತಿತ್ತು."

"ಬಾಜೂಕ ಯಾರರ ಕುಂತಿದ್ರ? ಅವರಿಗೆ ಗೊತ್ತಿತ್ತೋ ಇಲ್ಲೋ?"

"ಬಾಜೂ ಸೀಟಿಗೆ ಯಂತ್ರ ಇರೂದಿಲ್ಲ. ಕಾನೂನು ಕೇಳೂದು ಓಡಿಸಿದವನ್ನ ಅಷ್ಟ."

"ಹೌದಲ್ಲ," ಎಂದಳು. ನಾನು ಕೈತೊಳೆದು ಹೊರಡುವಾಗ ದಿನದಂತೆ ಬಾಗಿಲಿಗೆ ಬಂದು ನನ್ನೆದೆಯ ಮೇಲೆ ಒಂದು ಗಳಿಗೆ ಅಂಗೈ ಇಟ್ಟಳು. "ಗುಳಿಗಿ ತಗೊಂಡ್ರೇನು? ಮತ್ತ ಮರಿಯಾಕತ್ತದ ಇದು."

ಮದುವೆಯಾದ ಹೊಸತರಲ್ಲಿ ನನ್ನೆದೆಗೆ ಕಿವಿಯಿಟ್ಟು ಅವಳು ಹೇಳಿದ್ದಳು: 'ನಿಮ್ಮ ಎದಿ ಮೂರು ಹೆಜ್ಜಿ ನಡೀತದ, ನಾಕನೇದು ಮರೀತದ.' ಮುಂದೆ ವೈದ್ಯರೂ ಅದನ್ನೇ ಹೇಳಿದರು: ಹುಟ್ಟಿನಿಂದ ಬಂದ ಸಣ್ಣ ದೋಷ, ಅಪಾಯವೇನಿಲ್ಲ. ನಾನು ಓದಿದ ಯಾವ ಕವಿತೆಯ ಸಾಲೂ ನನಗೆ ದಾನಮ್ಮನ ಆ ಮಾತಿನಷ್ಟು ಹತ್ತಿರವಾದದ್ದಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಪಟ್ಟಿಯ ಮುಂದೆ ಕುಳಿತೆ. ಪೆನ್ಸಿಲ್ಲಿನ ಮೊನೆ ಚೂಪು ಮಾಡಿ, 'ಅರಿತಿತ್ತು' ಎಂದು ಬರೆಯುವ ಚೌಕದ ಮೇಲೆ ಕೈಯಿಟ್ಟೆ. ಕಾಗದ ಸುರುಳಿಯಾಗದಿರಲೆಂದು ಎಡಗೈಯಿಂದ ಅದರ ಬುಡವನ್ನು ಒತ್ತಿಹಿಡಿದಿದ್ದೆ. ಬುಡದಲ್ಲಿ ಓಡುವುದು ನಾಡಿಯ ಗೆರೆ. ಅದನ್ನು ನೋಡಬೇಡಿರೆಂದು ಹೊಸ ಓದುಗರಿಗೆ ನಾನೇ ಕಲಿಸುತ್ತೇನೆ. ಹೆದರಿದ ನಾಡಿ ಅಪರಾಧಿಯದೂ ಇರಬಹುದು, ನಿರಪರಾಧಿಯದೂ ಇರಬಹುದು. ಅದು ಓದುಗನ ಮನಸ್ಸನ್ನು ಕೆಡಿಸುತ್ತದೆ.

ಹೆಬ್ಬೆರಳಿನ ಪಕ್ಕದಲ್ಲಿ ಆ ಗೆರೆ ಕಣ್ಣಿಗೆ ಬಿತ್ತು. ಮೂರು ಮೊನೆಗಳು, ಒಂದು ಬಿಳಿಯ ಜಾಗ. ಮೂರು ಮೊನೆಗಳು, ಒಂದು ಬಿಳಿಯ ಜಾಗ.

ಸಾಲುಗಳ ನಡುವಿನ ಬಿಳಿಯನ್ನು ಓದುವ ಚಟ ಎಲ್ಲಿ ಹೋಗುತ್ತದೆ? ಲೋಕದಲ್ಲಿ ಇಂಥ ಎದೆಗಳು ಸಾವಿರಾರು ಇರುತ್ತವೆ ಎಂದುಕೊಂಡೆ. ಪೆನ್ಸಿಲ್ಲನ್ನು ಕೆಳಗಿಟ್ಟು, ಬಲಗೈಯ ಎರಡು ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲಿಟ್ಟು, ಕಣ್ಣನ್ನು ಪಟ್ಟಿಯ ಮೇಲಿಟ್ಟು ಎಣಿಸಿದೆ. ಅಲ್ಲಿ ಮರೆತಾಗ ಇಲ್ಲಿಯೂ ಮರೆಯುತ್ತಿತ್ತು. ಬಿಳಿಯ ಆಚೆಗಿನ ಮೊದಲ ಬಡಿತ ಉಳಿದವಕ್ಕಿಂತ ತುಸು ಜೋರು. ಅಲ್ಲಿಯೂ ಆ ಮೊನೆ ಉಳಿದವಕ್ಕಿಂತ ಎತ್ತರ. ಹತ್ತು ವರ್ಷಗಳ ನನ್ನ ಹೃದಯದ ಕಾಗದಗಳು ಮೇಜಿನ ಖಾನೆಯಲ್ಲೇ ಇದ್ದವು. ಹೊರತೆಗೆದು ಪಕ್ಕದಲ್ಲಿ ಹಾಸಿದೆ. ಹಾಸಬಾರದಾಗಿತ್ತೆಂದು ಆಗಲೇ ಅನ್ನಿಸಿತು. ಎರಡೂ ಒಂದೇ ಕೈಬರಹ.

ಇಪ್ಪತ್ತೊಂದು ದಿನಗಳ ಹಿಂದಿನ ಶುಕ್ರವಾರ ಎಲ್ಲಿದ್ದೆ?

ಮಧ್ಯಾಹ್ನ ಹಲ್ಲು ಕೀಳಿಸಿಕೊಂಡಿದ್ದೆ. ದಂತವೈದ್ಯರು ನೋವಿಗೆ ಬಲವಾದ ಗುಳಿಗೆ ಕೊಟ್ಟು, 'ಇವತ್ತು ಗಾಡಿ ಓಡಿಸಬ್ಯಾಡ್ರಿ ಸರ್' ಎಂದಿದ್ದರು. ಬೆಳಿಗ್ಗೆ ಸೀನಿಗೆಂದು ಇನ್ನೊಂದು ಗುಳಿಗೆ ನುಂಗಿದ್ದೆ. ಸಂಜೆ ನಿಶ್ಚಿತಾರ್ಥ ಮುಗಿಸಿ ಹೊರಟಾಗ ದಾನಮ್ಮ, 'ಆಟೋ ಹೇಳೂಣ್ರಿ' ಎಂದಳು. ನಾನು ನಕ್ಕು ಲೆಕ್ಕ ಹಾಕಿದೆ: ಗುಳಿಗೆಯ ತೂಕವೆಷ್ಟು, ನನ್ನ ತೂಕವೆಷ್ಟು, ಎಷ್ಟು ತಾಸಿಗೆ ಅದರ ಅರ್ಧ ರಕ್ತದಿಂದ ಇಳಿದುಹೋಗುತ್ತದೆ. ಮತ್ತಿನ ಮಿದುಳನ್ನು ಅಳೆದು ಅಳೆದು ಹೆಸರು ಮಾಡಿದವನಲ್ಲವೆ ನಾನು? ಉತ್ತರ ಸೊಗಸಾಗಿ ಬಂತು: ಓಡಿಸಬಹುದು. ಬೆಳಗಿನ ಗುಳಿಗೆ ಮಧ್ಯಾಹ್ನದ್ದನ್ನು ಇಮ್ಮಡಿ ಮಾಡುತ್ತದೆಂಬುದನ್ನು ಆ ಲೆಕ್ಕದಲ್ಲಿ ಸೇರಿಸಲು ಮರೆತಿದ್ದೆ. ಮಂಕಾದ ಮಿದುಳಿನಿಂದಲೇ ಮಂಕಿನ ಅಳತೆ ಮಾಡಿದ್ದೆ. ಇಂಥ ತಪ್ಪನ್ನು ಬೇರೆ ಯಾರು ಮಾಡಿಯಾರು!

ಕೆರೆಯ ಬದಿಯ ರಸ್ತೆ. ಆರಿ ಹೋಗುತ್ತಿದ್ದ ಬೆಳಕು. ಮೈಯೆಲ್ಲ ಹತ್ತಿಯಂತೆ ಹಗುರ. ಎಡಗಡೆ ದಡ್ ಎಂಬ ಸದ್ದು. ದಾನಮ್ಮ, 'ಅಯ್ಯ! ಏನೋ ಬಡೀತಲ್ರಿ!' ಎಂದಳು. ನಾನು ಹೇಳಿದ್ದು ನೆನಪಿದೆ. 'ಗುಂಡಿ,' ಎಂದಿದ್ದೆ.

ನನಗೆ ನೆನಪಿರುವುದು ಗುಂಡಿಯೇ. ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ, ನನಗೆ ನೆನಪಿರುವುದು ಗುಂಡಿ. ಆದರೆ ಪಟ್ಟಿ ನನ್ನೆದುರಿಗಿತ್ತು. ಗರಗಸದ ಆ ಸಣ್ಣ ಹಲ್ಲುಗಳು 'ಗುಂಡಿ' ಎಂಬ ಮಾತಿನ ಅಚ್ಚು. ಅದಕ್ಕಿಂತ ಒಂದೂವರೆ ಸೆಕೆಂಡು ಮೊದಲು ಎರಡನೆಯ ಉಬ್ಬು ಎದ್ದು, ಗೆರೆ ದಾಟಿ, ಇಳಿದಿತ್ತು. ಮನುಷ್ಯನೆಂದು ತಿಳಿದ ಮೇಲೆ ಗುಂಡಿಯೆಂದಿದ್ದೆ. ಹೆಂಡತಿಗೆ ಹೇಳುವ ಮೊದಲು ನನಗೇ ಹೇಳಿಕೊಂಡಿದ್ದೆ, ನಾನು ಅದನ್ನು ನಂಬಿದ್ದೆ.

ಪೆನ್ಸಿಲ್ ಉರುಳಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಾಗಿದವನಿಗೆ ಮತ್ತೆ ನೆಟ್ಟಗಾಗಲು ಆಗಲಿಲ್ಲ. ಮೇಜಿನ ಕೆಳಗೆ, ಮಂಡಿಯೂರಿ, ಎಷ್ಟು ಹೊತ್ತು ಇದ್ದೆನೋ ತಿಳಿಯದು. ಅಲ್ಲಿ ಒಂದು ಯೋಚನೆ ಬಂತು, ಬಚ್ಚಿಡುವುದಿಲ್ಲ. ಕೂದಲೆಳೆಯಷ್ಟೇ ತಾನೆ. ಜಮಖಂಡಿಯಂಥ ಪ್ರಾಮಾಣಿಕನೇ 'ಅರಿತಿರಲಿಲ್ಲ' ಎಂದಿದ್ದಾನೆ. ನಾನೂ ಹಾಗೆಂದರೆ ಯಾರೂ ಅನುಮಾನಿಸುವುದಿಲ್ಲ. ಲಕೋಟೆ ತೆರೆದಾಗ ಹೆಸರು ಕಂಡು ನಗರವೆಲ್ಲ ಮರುಗುತ್ತದೆ. ಪರವಾನಗಿ ಹೋಗುತ್ತದೆ, ದಂಡ ಬೀಳುತ್ತದೆ, ಮುಗಿಯುತ್ತದೆ. ಹತ್ತು ವರ್ಷ ಕಳೆದರೆ ನನಗೆ ಎಪ್ಪತ್ತೆಂಟು.

"ಸರ್? ಏನಾತ್ರಿ?" ಶಬಾನಾ ಓಡಿಬಂದು ರಟ್ಟೆ ಹಿಡಿದು ಎಬ್ಬಿಸಿದಳು. ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಹಾಸಿದ್ದ ಎರಡು ಕಾಗದಗಳನ್ನು ನೋಡಿದಳು. ಓದುವುದು ಅವಳ ಕಸುಬು. ಅವಳ ಕೈ ನನ್ನ ರಟ್ಟೆಯ ಮೇಲೆಯೇ ಇತ್ತು. ಅದು ನಿಧಾನವಾಗಿ ತಣ್ಣಗಾದದ್ದು ನನಗೆ ತಿಳಿಯಿತು.

"ಯಾರದ್ರಿ ಸರ್ ಇದು?"

"ನಂದು."

"ಇದಲ್ಲ, ಆ ಪಟ್ಟಿ."

"ಅದೂ ನಂದ."

ಅವಳು ಕೈ ತೆಗೆದಳು. "ಯಾ ಅಲ್ಲಾ," ಎಂದು ಗೋಡೆಗೆ ಒರಗಿದಳು. ಆಮೇಲೆ ನನ್ನ ಹೆಗಲ ಮೇಲಿಂದ ಕೈ ಚಾಚಿ, ಪಟ್ಟಿಯನ್ನು ಮೆಲ್ಲಗೆ ಎಳೆದುಕೊಂಡಳು. "ನಿಮ್ಮ ಪಟ್ಟಿ ನೀವ ಓದಂಗಿಲ್ರಿ ಸರ್. ಬ್ಯಾರೆ ಕೇಂದ್ರಕ್ಕ ಕಳಸ್ತೀನಿ. ನೀವು ಏನ ಅನ್ನೂದಿದ್ರೂ ಹಿಂದ ಬರೀರಿ, ನನ್ನ ಮುಂದ ಬರೀರಿ."

ಪಟ್ಟಿಯ ಹಿಂಬದಿಯಲ್ಲಿ ಬರೆದೆ: 'ಇದು ನನ್ನದು. ಓದಲು ನನಗೆ ಹಕ್ಕಿಲ್ಲ. ನನ್ನದೆಂದು ತಿಳಿಯದೆ ಓದಿದಾಗ, ಅರಿತಿತ್ತು ಎಂದೇ ಓದಿದ್ದೆ.' ಸಹಿ ಹಾಕಿದೆ. ನಲವತ್ತು ವರ್ಷಗಳ ನನ್ನ ಸಹಿ ಗುರುತು ಸಿಗದಂತಿತ್ತು.

"ಆ ನಲವತ್ತೆರಡು ನಿಮಿಷ, ಶಬಾನಾ," ಎಂದೆ. "ಯಂತ್ರ ಕರದಿದ್ರ..."

ಅವಳು ತನ್ನ ಕೋಣೆಗೆ ಹೋಗಿ ಹಳದಿಯಾದ ಹಾಳೆಯೊಂದನ್ನು ತಂದಳು. ಯಂತ್ರವೇ ಸಹಾಯಕ್ಕೆ ಕರೆಯಬೇಕೆಂದು ಆರು ವರ್ಷಗಳ ಹಿಂದೆ ಸಮಿತಿಗೆ ಅವಳು ಬರೆದಿದ್ದ ಭಿನ್ನಮತ. ಅದರ ಮೂಲೆಯಲ್ಲಿ ನನ್ನದೇ ಕೆಂಪು ಪೆನ್ಸಿಲ್ಲಿನ ಷರಾ: 'ಕರುಣೆ ಸರಿ; ವಿಜ್ಞಾನವಲ್ಲ.'

"ಇಟ್ಕೊಂಡೇನ್ರಿ ಸರ್. ಒಂದಿನ ಬೇಕಾಗ್ತದ ಅಂತ ಗೊತ್ತಿತ್ತು. ಹಿಂಗ ಬೇಕಾಗ್ತದ ಅಂತ ಗೊತ್ತಿರಲಿಲ್ಲ." ಆ ಷರಾವನ್ನು ನಾನು ಹೊಡೆದುಹಾಕಿ ಕೆಳಗೆ ನನ್ನ ಒಪ್ಪಿಗೆ ಬರೆದುಕೊಟ್ಟೆ. ಆಮೇಲೆ ಅವಳು ನ್ಯಾಯಾಧೀಶರ ಕಚೇರಿಗೆ ಫೋನ್ ಮಾಡಿದಳು. ಆರೂವರೆಗೆ ಅಧಿಕಾರಿಯೊಬ್ಬರು ಮನೆಗೆ ಬರುತ್ತಾರೆ, ಅಲ್ಲಿಯವರೆಗೆ ಮನೆಯಲ್ಲೇ ಇರಬೇಕು ಎಂದು ಉತ್ತರ ಬಂತು.

ಮನೆಗೆ ಬಂದಾಗ ಸಂಜೆಯಾಗುತ್ತಿತ್ತು. ಅದೇ ಅನುಮಾನದ ಬೆಳಕು. ದಾನಮ್ಮ ಬುತ್ತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಮಧ್ಯಾಹ್ನ ತುಂಬಿದ ಡಬ್ಬಿ ಹಾಗೆಯೇ ಇತ್ತು. ಅವಳು ಅಂದು ಎಲ್ಲಿಗೂ ಹೋಗಿರಲಿಲ್ಲ.

ಹೇಗೆ ಆರಂಭಿಸಲೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಅವಳ ಮುಖ ಕಂಡೊಡನೆ ಅವೆಲ್ಲ ಉದುರಿಹೋದವು. "ದಾನೂ, ಅದು ಗುಂಡಿ ಅಲ್ಲ," ಎಂದೆ.

"ಗೊತ್ತದ."

ನಾನು ನಿಂತೇ ಇದ್ದೆ.

"ಆವತ್ತ ಗೊತ್ತಿತ್ತು ನನಗ," ಎಂದಳು. "ಬಾಜೂ ಕನ್ನಡಿ ಒಡದಿತ್ತು. ಆ ಒಡಕಿನ್ಯಾಗ ನೋಡಿದೆ. ರಸ್ತೆ ಮ್ಯಾಲ ಬೆಳ್ಳಗ, ದುಂಡಗ, ಏನೇನೋ. ರೊಟ್ಟಿ ಅಂತ ತಿಳಿಯಾಕ ಎಷ್ಟ ಹೊತ್ತ ಬೇಕ್ರಿ? ಐವತ್ತು ವರ್ಷ ರೊಟ್ಟಿ ಬಡದಾಕಿ ನಾನು. ನೀವು ಗುಂಡಿ ಅಂದ್ರಿ. ಗುಂಡಿ ಆಗಿರಲಿ ಅಂತ ನನಗೂ ಬೇಕಾಗಿತ್ತು. ಸುಮ್ಮನಾದೆ."

"ಯಾಕ ಹೇಳಲಿಲ್ಲ?"

"ಹೇಳಿದ್ದೆ. ಏನೋ ಬಡೀತು ಅಂತ ಹೇಳಿದ್ದೆ. ಎರಡನೇ ಸಲ ಹೇಳಲಿಲ್ಲ. ಅದ ನಂದು." ಅವಳು ಡಬ್ಬಿಯ ಹಿಡಿಕೆಯನ್ನು ತಿರುವುತ್ತಿದ್ದಳು. "ಮರುದಿವಸ ಪೇಪರಿನ್ಯಾಗ ಎರಡ ಸಾಲು ಬಂದಿತ್ತು. ಹುಡುಕ್ಕೋಂತ ಆಸ್ಪತ್ರಿಗೆ ಹೋದೆ. ಫಕ್ಕೀರವ್ವ ಅಂತ ಆಕಿ ಹೆಸರು. ಖಾನಾವಳಿಗಳಿಗೆ ರೊಟ್ಟಿ ಹಾಕಾಕಿ. ಗಂಡ ಮೈಲಾರಪ್ಪ ಹಮಾಲಿ ಮಾಡ್ತಾನ, ಹಗಲಿಗೆ ಆಕಿ ಕಡೆ ಯಾರೂ ಇರೂದಿಲ್ಲ. ಬಲಗಾಲು ಮಣಕಾಲ ಮ್ಯಾಲಿಂದ ತಗದಾರ. ಅರ್ಧ ತಾಸು ಮೊದಲ ತಂದಿದ್ರ ಉಳೀತಿತ್ತು ಅಂತ ನರ್ಸಬಾಯಿ ನನ್ನ ಮುಂದನ ಹೇಳಿದ್ಲು."

ವಚನದ ತರಗತಿ. ಕೂಡಿ ಉಣ್ಣುವುದು. ಮೂರು ವಾರ ನಾನು ಚಪಾತಿಗಾಗಿ ಗೊಣಗಿದ್ದೆ.

"ದಿನಾ ಊಟಾ ಮಾಡಿಸ್ತೀನಿ ಆಕಿಗೆ. ನನ್ನ ಕೈ ಹಿಡದು ಅಕ್ಕಾ ಅಂತಾಳ್ರಿ. 'ಯಾವ ಜನ್ಮದ ಅಕ್ಕನೋ ನೀ' ಅಂತಾಳ. ಹೊಡದು ಹೋದಾಂವಗ ಬಾಯಿ ತುಂಬ ಬೈತಾಳ. ನಾ ಗಂಜಿ ಆರಿಸ್ಕೋಂತ ಕೇಳ್ಕೋಂತ ಕೂಡ್ತೀನಿ."

ನಾನು ಕುಳಿತೆ. ಆ ಸಂಜೆ ಆ ಕಾರಿನಲ್ಲಿ ಅರಿತವರು ಮೂವರಿದ್ದೆವು. ಯಂತ್ರ ಬರೆದಿಟ್ಟುಕೊಂಡು ಸುಮ್ಮನಿತ್ತು. ಸುಮ್ಮನಿರಲು ಅದಕ್ಕೆ ಕಲಿಸಿದವನು ನಾನು. ನಾನು ಮರೆತು ಸುಮ್ಮನಿದ್ದೆ. ದಾನಮ್ಮ ನೆನಪಿಟ್ಟುಕೊಂಡು ಸುಮ್ಮನಿದ್ದಳು. ಹಾಲಿನ ಗಾಡಿಯವನೊಬ್ಬ ಬರುವತನಕ ಆ ಅಂಗೈ ಆಕಾಶಕ್ಕೆ ತೆರೆದೇ ಇತ್ತು.

ಪಟ್ಟಿಯ ವಿಷಯ, ನಾನು ಬರೆದುಕೊಟ್ಟದ್ದು, ಬರಲಿರುವ ಅಧಿಕಾರಿ, ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು, ಅಳಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು.

"ನಿನ್ನ ಮ್ಯಾಲ ಏನೂ ಬರೂದಿಲ್ಲ," ಎಂದೆ. "ಬಾಜೂ ಸೀಟಿಗೆ ಕಾನೂನು ಇಲ್ಲ."

"ನಿಮ್ಮ ಕಾನೂನು ನಿಮ್ಮ ಸೀಟಿಗೆ ಇರ್ಲಿ." ಅವಳು ಒಳಗೆ ಹೋಗಿ ಡಬ್ಬಿಯ ಅನ್ನವನ್ನು ಬಿಸಿ ಮಾಡಿ ಮತ್ತೆ ತುಂಬಿಕೊಂಡು ಬಂದಳು. "ನಾ ಆಸ್ಪತ್ರಿಗೆ ಹೋಗ್ತೀನಿ. ನಾಳೆ ಪೇಪರ್ ಓದಿ ಆಕಿಗೆ ಗೊತ್ತಾಗಬಾರದು. ನನ್ನ ಬಾಯಿಂದ ಗೊತ್ತಾಗಬೇಕು."

"ದಾನೂ, ಆಕಿ ಏನಂತಾಳೋ..."

"ಏನರ ಅನ್ನಲಿ. ಅಕ್ಕಾ ಅನ್ನೂದು ಬಿಡ್ತಾಳ." ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದು ಕ್ಷಣ ಗೋಡೆ ಹಿಡಿದಳು. "ನನಗ ಅದ ಶಿಕ್ಷಾ. ನಿಮ್ಮದು ಹತ್ತು ವರ್ಷಕ್ಕ ಮುಗೀತದ."

"ಆಮ್ಯಾಲೆ ಮನಿಗೆ ಬರ್ತೀಯಲ್ಲ?"

ಅವಳು ಹಿಂದಿರುಗಿ ನೋಡಿದಳು. ನಲವತ್ತೊಂದು ವರ್ಷಗಳಲ್ಲಿ, ನಾನಾಗಲಿ ಅವಳಾಗಲಿ ಹೊರಗೆ ಹೋಗುವಾಗ, ಅವಳ ಕೈ ನನ್ನೆದೆಯ ಮೇಲೆ ಬಾರದ ದಿನವಿರಲಿಲ್ಲ. ಈಗ ಆ ಕೈ ಡಬ್ಬಿಯ ಹಿಡಿಕೆಯನ್ನೇ ಹಿಡಿದುಕೊಂಡಿತ್ತು. ನನಗೆ ಅರಿವಿಲ್ಲದೆಯೇ ನನ್ನ ಎರಡು ಬೆರಳುಗಳು ಮಣಿಕಟ್ಟಿಗೆ ಹೋಗಿದ್ದವು.

ಅವಳು ಹೊಸ್ತಿಲು ದಾಟಿದಳು. ಒಂದು ಬಡಿತ. ಎರಡು. ಮೂರು. ನಾಲ್ಕನೆಯದು ಇರಬೇಕಾಗಿದ್ದ ಜಾಗದಲ್ಲಿ ಬಾಗಿಲು ಮುಚ್ಚಿಕೊಂಡಿತು.